ಸ್ಪಾರ್ಕ್ ಪ್ಲಗ್ ಆಯ್ಕೆ: ಮಾರುವವರ ಹೊಣೆ

ಮೋಟಾರು ವಾಹನಗಳ ಬಿಡಿಭಾಗಗಳ ವ್ಯಾಪಾರದಲ್ಲಿ ಸ್ಪಾರ್ಕ್ ಪ್ಲಗ್ಗಿಗೆ ಬಹುಕಾಲ ದೊರೆತದ್ದು ಚಿಲ್ಲರೆ ಸಾಮಾನಿನ ಸ್ಥಾನ. ದ್ವಿಚಕ್ರ ವಾಹನದ ಮಾಲೀಕನು ಹಳೆಯ ಪ್ಲಗ್ಗನ್ನು ಕಾಗದದಲ್ಲಿ ಸುತ್ತಿ ತರುತ್ತಿದ್ದನು. ವರ್ತಕನು ಅದರ ಪಕ್ಕದಲ್ಲಿ ಹೊಸದೊಂದನ್ನು ಹಿಡಿದು, ಥ್ರೆಡ್ಡೂ ಉದ್ದವೂ ಸರಿಹೊಂದಿದರೆ ಕೊಟ್ಟು ಕಳುಹಿಸುತ್ತಿದ್ದನು. 1951ರಲ್ಲಿ ಸ್ಥಾಪನೆಗೊಂಡು 2008ರಲ್ಲಿ ಬಾಷ್ ಲಿಮಿಟೆಡ್ ಎಂಬ ಹೆಸರು ಪಡೆದ ಮೈಕೊ ಸಂಸ್ಥೆಯ ಪ್ಲಗ್ಗನ್ನು ಕೇಳಿ ಪಡೆಯುತ್ತಿದ್ದವರಿಗೆ ಅದರ ಸಂಕೇತ ಸಂಖ್ಯೆಯನ್ನು ಓದುವ ಪ್ರಮೇಯವೇ ಬರುತ್ತಿರಲಿಲ್ಲ. ದೊಡ್ಡ ಜೀಪು, ಎಸ್‌ಯುವಿಗಳು ಬಹುಪಾಲು ಡೀಸೆಲ್ ಎಂಜಿನಿನವು. ಅವುಗಳಲ್ಲಿ ಇರುವುದು ಹೀಟರ್ ಪ್ಲಗ್. ಸ್ಪಾರ್ಕ್ ಪ್ಲಗ್ಗಿನ ಮಾತೇ ಇಲ್ಲ.

ಆ ಪರಿಸ್ಥಿತಿ ಈಗ ಉಳಿದಿಲ್ಲ. ರಾಷ್ಟ್ರ ರಾಜಧಾನಿ ಪ್ರದೇಶದಲ್ಲಿ ಹಳೆಯ ಡೀಸೆಲ್ ವಾಹನಗಳ ಮೇಲೆ ನಿರ್ಬಂಧಗಳು ಬಂದವು. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಯಾಗಿ ಡೀಸೆಲ್ ಎಂಜಿನಿನ ತಯಾರಿಕಾ ವೆಚ್ಚ ಏರಿತು. ಪರಿಣಾಮವಾಗಿ ದೊಡ್ಡ ವಾಹನಗಳಲ್ಲಿಯೂ ಪೆಟ್ರೋಲ್ ಎಂಜಿನಿಗೆ ಬೇಡಿಕೆ ಕುದುರಿತು. ಬಿಡದಿಯಲ್ಲಿ ತಯಾರಾಗುವ ಫಾರ್ಚುನರಿನ 2.7 ಲೀಟರ್ ಎಂಜಿನ್, 2022ರಲ್ಲಿ ಬಂದ ಸ್ಕಾರ್ಪಿಯೊ-ಎನ್ ವಾಹನದ 2 ಲೀಟರ್ ಟರ್ಬೊ ಎಂಜಿನ್ ಇದಕ್ಕೆ ನಿದರ್ಶನಗಳು. ಕಂಪನಿಯ ವಾರಂಟಿ ಅವಧಿ ಮುಗಿದ ಮೇಲೆ ಇಂಥ ವಾಹನಗಳು ಒಂದೊಂದಾಗಿ ಹೊರಗಿನ ಗ್ಯಾರೇಜುಗಳಿಗೂ, ಆ ಮೂಲಕ ಜೆ.ಸಿ. ರಸ್ತೆಯಿಂದ ತಾಲ್ಲೂಕು ಕೇಂದ್ರಗಳವರೆಗಿನ ಬಿಡಿಭಾಗಗಳ ಅಂಗಡಿಗಳಿಗೂ ಬರುತ್ತವೆ. ಆದರೆ ಅಂಗಡಿಗಳಲ್ಲಿ ಪ್ಲಗ್ ಆಯ್ಕೆಯ ಪದ್ಧತಿ ಮಾತ್ರ ಇಂದಿಗೂ ದ್ವಿಚಕ್ರ ವಾಹನದ ಕಾಲದ್ದೇ. ‘ಥ್ರೆಡ್ ಕೂಡಿತು, ಆದ್ದರಿಂದ ಪ್ಲಗ್ ಸರಿಯಾಯಿತು’ ಎಂಬ ಈ ನಂಬಿಕೆಯನ್ನು ವರ್ತಕರು ಕೈಬಿಡದಿದ್ದಲ್ಲಿ ಕೆಲವು ನೂರು ರೂಪಾಯಿಗಳ ಮಾರಾಟವು ಇಡೀ ಎಂಜಿನಿನ ತಕರಾರಾಗಿ ಅಂಗಡಿಗೆ ಮರಳುವ ಸಂಭವವಿದೆ.

ಪ್ಲಗ್ಗಿನಂಥ ಸಣ್ಣ ವಸ್ತು ಎಷ್ಟು ದೊಡ್ಡ ವ್ಯಾಜ್ಯಕ್ಕೆ ಕಾರಣವಾಗಬಲ್ಲದೆಂಬುದನ್ನು ಅರಿಯಲು ಅಮೆರಿಕದ ಅನುಭವವೊಂದನ್ನು ಗಮನಿಸಬಹುದು. ಫೋರ್ಡ್ ಕಂಪನಿಯು 2004ರ ಮಾದರಿಯ ಎಫ್-150 ಪಿಕಪ್ಪಿನಲ್ಲಿಯೂ, 2005ರ ಮಾದರಿಯಿಂದ ಎಕ್ಸ್‌ಪೆಡಿಷನ್ ಎಂಬ ಭಾರಿ ಎಸ್‌ಯುವಿಯಲ್ಲಿಯೂ 5.4 ಲೀಟರಿನ, ಎಂಟು ಸಿಲಿಂಡರುಗಳ, ಸಿಲಿಂಡರಿಗೆ ಮೂರು ವಾಲ್ವುಗಳ ಎಂಜಿನನ್ನು ಅಳವಡಿಸಿತು. ಅದರ ಪ್ಲಗ್ಗಿನ ರಚನೆ ವಾಡಿಕೆಯದಾಗಿರಲಿಲ್ಲ. ಥ್ರೆಡ್ಡಿನ ಭಾಗ ಮೇಲ್ಗಡೆ. ಅದರ ಕೆಳಗೆ ಉದ್ದವಾದ, ತೆಳುವಾದ ಲೋಹದ ಕೊಳವೆ. ಈ ಕೊಳವೆಯು ಪ್ಲಗ್ಗಿನ ಒಡಲಿಗೆ ಒತ್ತಿ ಜೋಡಿಸಿದ ಪ್ರತ್ಯೇಕ ತುಂಡು. ಒಂದು ಲಕ್ಷ ಮೈಲಿ, ಎಂದರೆ ಸುಮಾರು 1,60,000 ಕಿಲೋಮೀಟರ್ ಓಡಿದ ನಂತರ ಬದಲಾಯಿಸಿದರೆ ಸಾಕೆಂಬುದು ತಯಾರಕರ ಸೂಚನೆ. ಅಷ್ಟರೊಳಗೆ ಕೊಳವೆಗೂ ಸಿಲಿಂಡರ್ ಹೆಡ್ಡಿಗೂ ನಡುವಿನ ಸಂದಿನಲ್ಲಿ ಇಂಗಾಲ ಗಟ್ಟಿಕಟ್ಟುತ್ತಿತ್ತು. ಮೆಕ್ಯಾನಿಕ್ಕನು ಪಾನಾ ಹಾಕಿ ತಿರುಗಿಸಿದೊಡನೆ ಮೇಲಿನ ಭಾಗ ಕೈಗೆ ಬಂದು, ಕೊಳವೆಯು ಹೆಡ್ಡಿನೊಳಗೇ ಉಳಿಯುತ್ತಿತ್ತು. ಅದನ್ನು ತೆಗೆಯಲಾಗದಿದ್ದರೆ ಹೆಡ್ಡನ್ನೇ ಬಿಚ್ಚಬೇಕು. ಒಂದು ಎಂಜಿನಿನಲ್ಲಿ ಇಂಥ ಪ್ಲಗ್ಗುಗಳು ಎಂಟು.

ಕಂಪನಿಯು ದುರಸ್ತಿಗಾರರಿಗಾಗಿ ವಿಶೇಷ ತಾಂತ್ರಿಕ ಸೂಚನೆಗಳನ್ನು ಹೊರಡಿಸಬೇಕಾಯಿತು. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು; ಪ್ಲಗ್ಗನ್ನು ಮೊದಲು ಒಂದು ಸುತ್ತಿನ ಎಂಟನೆಯ ಒಂದು ಭಾಗಕ್ಕಿಂತ ಹೆಚ್ಚು ಸಡಿಲಿಸಬಾರದು; ಗುಳಿಯಲ್ಲಿ ಕಾರ್ಬ್ಯುರೇಟರ್ ಶುದ್ಧಿಕಾರಕವನ್ನು ಹಾಕಿ ಕನಿಷ್ಠ 15 ನಿಮಿಷ ನೆನೆಯಬಿಡಬೇಕು; ಆಮೇಲೆ ಹಿಂದಕ್ಕೂ ಮುಂದಕ್ಕೂ ಅಲ್ಪಸ್ವಲ್ಪವೇ ತಿರುಗಿಸುತ್ತ ಹೊರತೆಗೆಯಬೇಕು. ಹೊಸ ಪ್ಲಗ್ ಕೂರಿಸುವಾಗ ಕೊಳವೆಯ ಹೊರಮೈಗೆ ಮಾತ್ರ ನಿಕ್ಕಲ್ ಲೇಪ ಹಚ್ಚಿ 34 ನ್ಯೂಟನ್-ಮೀಟರ್ ಬಿಗಿತಕ್ಕೆ ನಿಲ್ಲಿಸಬೇಕು. ಪ್ಲಗ್ ಬದಲಾವಣೆಯಂಥ ಸಾಮಾನ್ಯ ಕೆಲಸಕ್ಕೆ ಇಷ್ಟು ವಿಧಿವಿಧಾನ ಬೇಕಾದದ್ದೇ ವಿನ್ಯಾಸದ ಲೋಪಕ್ಕೆ ಸಾಕ್ಷಿ ಎನ್ನದೆ ವಿಧಿಯಿಲ್ಲ. ಮುಂದೆ ಹೆಡ್ಡಿನ ವಿನ್ಯಾಸವನ್ನೇ ಬದಲಿಸಲಾಯಿತು. ಗ್ರಾಹಕರು ಅಷ್ಟಕ್ಕೆ ಸುಮ್ಮನಾಗದೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿದರು.

ಈ ಪ್ರಕರಣದಲ್ಲಿ ಸಣ್ಣ ಉದ್ಯಮಿಗಳು ಗಮನಿಸಬೇಕಾದ ಮತ್ತೊಂದು ಮುಖವೂ ಉಂಟು. ಮೂಲ ತಯಾರಕರ ತೊಡಕು ಹೊರಗಿನವರಿಗೆ ಅವಕಾಶವಾಯಿತು. ಚಾಂಪಿಯನ್, ಆಟೋಲೈಟ್ ಹೆಸರಿನ ಪ್ಲಗ್ ತಯಾರಕರು ಅದೇ ಎಂಜಿನಿಗೆ ಒಂದೇ ತುಂಡಿನ ಒಡಲುಳ್ಳ ಪ್ಲಗ್ಗುಗಳನ್ನು ಮಾರುಕಟ್ಟೆಗೆ ತಂದರು. ಅಯೋವಾ ರಾಜ್ಯದ ಕ್ಲಾರಿಂಡ ಎಂಬ ಸಣ್ಣ ಊರಿನ ಲೈಲ್ ಕಂಪನಿಯು ಮುರಿದುಳಿದ ಕೊಳವೆಯನ್ನು ಹೆಡ್ ಬಿಚ್ಚದೆಯೇ ಹೊರತೆಗೆಯುವ ಸಲಕರಣೆಯೊಂದನ್ನು ರೂಪಿಸಿ ಗ್ಯಾರೇಜುಗಳಿಗೆ ಮಾರಿತು. ಪೀಣ್ಯದಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಲೇತು, ಮಿಲ್ಲಿಂಗ್ ಯಂತ್ರ ಇಟ್ಟುಕೊಂಡಿರುವ ಘಟಕಗಳಿಗೆ ಅಂಥ ಸಲಕರಣೆಯ ತಯಾರಿಕೆ ಅಸಾಧ್ಯದ ಕೆಲಸವೇನಲ್ಲ. ಕೊರತೆಯಿರುವುದು ಗ್ಯಾರೇಜಿನವರ ತೊಡಕನ್ನು ಉತ್ಪಾದಕರ ಕಿವಿಗೆ ಮುಟ್ಟಿಸುವ ಸಂಪರ್ಕದಲ್ಲಿ. ಬಿಡಿಭಾಗಗಳ ವರ್ತಕನು ಈ ಎರಡರ ನಡುವೆ ನಿಂತಿರುವವನು.

ಇನ್ನು ಆಯ್ಕೆಯ ವಿಷಯ. ಪ್ಲಗ್ಗಿನ ಮೇಲಿನ ಅಕ್ಷರ, ಅಂಕಿಗಳು ಅಲಂಕಾರಕ್ಕಾಗಿ ಅಚ್ಚಾದವುಗಳಲ್ಲ. ಎನ್‌ಜಿಕೆ ಹೆಸರಿನ ಬಿಕೆಆರ್6ಇ-11 ಎಂಬ ಸಂಕೇತವನ್ನೇ ತೆಗೆದುಕೊಂಡರೆ, ಅದು 14 ಮಿ.ಮೀ. ವ್ಯಾಸದ ಥ್ರೆಡ್ಡನ್ನೂ, 16 ಮಿ.ಮೀ. ಪಾನಾ ಬೇಕೆಂಬುದನ್ನೂ, ಒಳಗೆ ರೆಸಿಸ್ಟರ್ ಇದೆಯೆಂಬುದನ್ನೂ, ಉಷ್ಣ ಶ್ರೇಣಿ 6 ಎಂಬುದನ್ನೂ, ಥ್ರೆಡ್ಡಿನ ಉದ್ದ 19 ಮಿ.ಮೀ. ಎಂಬುದನ್ನೂ, ಕಿಡಿಯ ಅಂತರ 1.1 ಮಿ.ಮೀ. ಎಂಬುದನ್ನೂ ಸೂಚಿಸುತ್ತದೆ. ಥ್ರೆಡ್ ಬೇಕಾದುದಕ್ಕಿಂತ ಉದ್ದವಾದರೆ ಪ್ಲಗ್ಗಿನ ತುದಿ ಪಿಸ್ಟನ್ನಿಗೆ ತಾಗಬಹುದು. ಗಿಡ್ಡವಾದರೆ ಹೆಡ್ಡಿನ ಖಾಲಿ ಥ್ರೆಡ್ಡುಗಳಲ್ಲಿ ಇಂಗಾಲ ತುಂಬಿ, ಮುಂದೊಮ್ಮೆ ಸರಿಯಾದ ಪ್ಲಗ್ ತಂದಾಗ ಅದೇ ಕೂರದು. ರೆಸಿಸ್ಟರ್ ಇಲ್ಲದ ಪ್ಲಗ್ಗಿನಿಂದ ಹೊಮ್ಮುವ ವಿದ್ಯುತ್ ಗದ್ದಲವು ಇಂದಿನ ಎಂಜಿನಿನ ಕಂಪ್ಯೂಟರನ್ನು ದಾರಿ ತಪ್ಪಿಸಬಲ್ಲದು.

ವರ್ತಕರು ಹೆಚ್ಚಾಗಿ ಎಡವುವುದು ಉಷ್ಣ ಶ್ರೇಣಿಯಲ್ಲಿ. ಪ್ಲಗ್ಗಿನ ತುದಿಯು ಸುಮಾರು 500ರಿಂದ 800 ಡಿಗ್ರಿ ಸೆಲ್ಸಿಯಸ್ಸಿನ ನಡುವೆ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಮಸಿ ತಾನಾಗಿ ಸುಟ್ಟುಹೋಗದು. ಮೀರಿದರೆ ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ ಕರಗುವವರೆಗೂ ಅನಾಹುತ ಹೋಗಬಹುದು. ಈ ಶ್ರೇಣಿಯನ್ನು ಗುರುತಿಸುವಲ್ಲಿ ತಯಾರಕರಲ್ಲಿ ಏಕರೂಪತೆ ಇಲ್ಲ. ಎನ್‌ಜಿಕೆ, ಡೆನ್ಸೊ ಸಂಖ್ಯೆಗಳಲ್ಲಿ ಅಂಕಿ ಹೆಚ್ಚಿದಂತೆ ಪ್ಲಗ್ ತಂಪಿನದು; ಬಾಷ್ ಹಾಗೂ ಚಾಂಪಿಯನ್ ಸಂಖ್ಯೆಗಳಲ್ಲಿ ಅಂಕಿ ಹೆಚ್ಚಿದಂತೆ ಬಿಸಿಯದು. ಎನ್‌ಜಿಕೆಯ 6ಕ್ಕೆ ಡೆನ್ಸೊ ಲೆಕ್ಕದಲ್ಲಿ ಸಮನಾದದ್ದು 20. ಒಂದು ಕಂಪನಿಯ ‘7’ ಮುಗಿದಿದೆಯೆಂದು ಇನ್ನೊಂದರ ‘7’ ಕೊಡುವ ಅಂಗಡಿಯು ತಿಳಿಯದೆಯೇ ಎಂಜಿನಿನ ಉಷ್ಣ ಲೆಕ್ಕಾಚಾರವನ್ನು ತಲೆಕೆಳಗು ಮಾಡುತ್ತಿರುತ್ತದೆ. ಟರ್ಬೊ ಎಂಜಿನುಗಳಲ್ಲಿ ಈ ತಪ್ಪಿಗೆ ಕ್ಷಮೆಯಿಲ್ಲ. ಅಲ್ಲಿ ಒತ್ತಡ ಹೆಚ್ಚಿರುವುದರಿಂದ ಕಿಡಿ ಹಾರಿಸಲು ಹೆಚ್ಚಿನ ವೋಲ್ಟೇಜು ಬೇಕಾಗಿ, ಅಂತರವನ್ನು ಸಾಮಾನ್ಯವಾಗಿ 0.7 ಅಥವಾ 0.8 ಮಿ.ಮೀ. ಆಸುಪಾಸಿನಲ್ಲಿ ಇಡಲಾಗಿರುತ್ತದೆ. 1.1 ಮಿ.ಮೀ. ಅಂತರದ ಪ್ಲಗ್ ಹಾಕಿದರೆ ವಾಹನ ಅಂಗಡಿಯ ಮುಂದೆ ಸರಿಯಾಗಿಯೇ ಚಾಲೂ ಆಗಿ, ಘಾಟಿ ಏರುವಾಗ ತಡವರಿಸುತ್ತದೆ.

ದುಬಾರಿ ಪ್ಲಗ್ಗೇ ಉತ್ತಮವೆಂಬ ಮಾತಿಗೂ ಪೂರ್ಣ ಆಧಾರವಿಲ್ಲ. ಇರಿಡಿಯಂ ಗಡಸು ಲೋಹ. ತುದಿ ಸಣ್ಣದಾಗಿದ್ದರೂ ಬೇಗ ಸವೆಯದು. ಆದ್ದರಿಂದ ನಿಕ್ಕಲ್ ಪ್ಲಗ್ 30ರಿಂದ 40 ಸಾವಿರ ಕಿಲೋಮೀಟರ್ ಬಾಳಿದರೆ ಇರಿಡಿಯಂ ಪ್ಲಗ್ ಒಂದು ಲಕ್ಷದವರೆಗೂ ಬಾಳಬಲ್ಲದು. ಗ್ರಾಹಕನು ಹೆಚ್ಚಿನ ಹಣ ತೆರುವುದು ಈ ಬಾಳಿಕೆಗಾಗಿ. ಮೈಲೇಜು ಗಣನೀಯವಾಗಿ ಹೆಚ್ಚುತ್ತದೆ, ಎಂಜಿನಿನ ಶಕ್ತಿ ಇಮ್ಮಡಿಸುತ್ತದೆ ಎಂದು ಹೇಳಿ ಮಾರುವುದು ವ್ಯಾಪಾರ ಧರ್ಮವಲ್ಲ. ತಯಾರಕರು ಇರಿಡಿಯಂ ಸೂಚಿಸಿದ ಎಂಜಿನಿಗೆ, ‘ಇದೂ ಓಡುತ್ತದೆ’ ಎಂದು ನಿಕ್ಕಲ್ ಕೊಡುವುದೂ ಅಷ್ಟೇ ತಪ್ಪು. ಕೈಪಿಡಿಯಲ್ಲಿ ಯಾವ ಸಂಖ್ಯೆ ಇದೆಯೋ ಅದು, ಅಥವಾ ಪ್ಲಗ್ ತಯಾರಕರು ಸಮಾನವೆಂದು ತಮ್ಮದೇ ಸೂಚಿಪಟ್ಟಿಯಲ್ಲಿ ಮುದ್ರಿಸಿರುವುದು. ಈ ಎರಡರ ಹೊರತು ಮೂರನೆಯದನ್ನು ಕೊಡಬೇಕಾಗಿಲ್ಲ. ಅದೂ ಪೂರ್ತಿ ಸೆಟ್ಟಾಗಿ. ನಾಲ್ಕರಲ್ಲಿ ಒಂದನ್ನು ಮಾತ್ರ ಬದಲಾಯಿಸಿ ಕಳುಹಿಸುವುದು ಗ್ರಾಹಕನಿಗೆ ಉಳಿತಾಯದಂತೆ ಕಂಡರೂ ಮುಗ್ಗಿದ ಜೋಳ ಕೊಂಡಂತೆಯೇ.

ನಕಲಿ ಮಾಲಿನ ಪಿಡುಗು ಹಳೆಯದು. ಪೆಟ್ಟಿಗೆ ಅಸಲಿಯಂತೆಯೇ ಇರುತ್ತದೆ. ಇರಿಡಿಯಂ ಎಂದು ಬರೆದಿರುವೆಡೆ ಬೇರಾವುದೋ ಲೋಹದ ಮೊನೆ ಇರುತ್ತದೆ. ಅಸಲಿ ಮಾಲು ದುಬಾರಿ ಎಂಬ ನೆಪಕ್ಕೆ ಈಗ ಬಲ ಕುಂದಿದೆ. 2025ರ ಸೆಪ್ಟೆಂಬರ್ 22ರಿಂದ ಸ್ಪಾರ್ಕ್ ಪ್ಲಗ್ಗಿನ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಇನ್ನೊಂದೆಡೆ ಕಾನೂನು ತಯಾರಕನನ್ನು ಮಾತ್ರವಲ್ಲದೆ ಮಾರುವವನನ್ನೂ ಹಿಡಿಯುತ್ತದೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಸುಳ್ಳು ಮುದ್ರೆಯ ಮಾಲು ಮಾರುವವನಿಗೂ ಶಿಕ್ಷೆಯಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಉತ್ಪನ್ನದ ಹೊಣೆಯನ್ನು ನಿರ್ದಿಷ್ಟ ಸಂದರ್ಭಗಳಲ್ಲಿ ಮಾರಾಟಗಾರನ ಮೇಲೂ ಹೊರಿಸಿದೆ. ಬಿಲ್ಲಿಲ್ಲದೆ ಬಂದ ಮಾಲನ್ನು ಬಿಲ್ಲಿಲ್ಲದೆ ಸಾಗಿಸುವ ವರ್ತಕನಿಗೆ ಆ ದಿನ ಬಂದಾಗ ತೋರಿಸಲು ಕಾಗದವೇ ಇರದು.

ಮಾಡಬೇಕಾದ ಕೆಲಸ ದೊಡ್ಡದಲ್ಲ. ವಾಹನದ ಮಾದರಿ, ತಯಾರಿಕಾ ವರ್ಷ, ಎಂಜಿನ್ ಸಂಖ್ಯೆ ತಿಳಿಯದೆ ನಾಲ್ಕು ಚಕ್ರದ ವಾಹನಕ್ಕೆ ಪ್ಲಗ್ ಕೊಡುವುದಿಲ್ಲವೆಂಬ ನಿಯಮವನ್ನು ಅಂಗಡಿಯವರು ಹಾಕಿಕೊಳ್ಳಬೇಕು. ಹಳೆಯ ಪ್ಲಗ್ಗನ್ನು ಆಧಾರವಾಗಿ ಒಪ್ಪಬಾರದು. ಹಿಂದಿನವನು ತಪ್ಪು ಪ್ಲಗ್ ಹಾಕಿರುವ ಸಂಭವ ಉಂಟಷ್ಟೆ. ಕೊಟ್ಟ ಪ್ಲಗ್ಗಿನ ಪೂರ್ಣ ಸಂಕೇತವನ್ನು ಬಿಲ್ಲಿನಲ್ಲಿ ಬರೆಯಬೇಕು. ಅಲ್ಯೂಮಿನಿಯಂ ಹೆಡ್ಡಿನಲ್ಲಿ ವಾಷರ್ ಇರುವ 14 ಮಿ.ಮೀ. ಪ್ಲಗ್ಗಿಗೆ 25ರಿಂದ 30 ನ್ಯೂಟನ್-ಮೀಟರ್, 12 ಮಿ.ಮೀ. ಪ್ಲಗ್ಗಿಗೆ 15ರಿಂದ 20 ಸಾಕು ಎಂಬ ಮಾಹಿತಿಯ ಚೀಟಿಯೊಂದನ್ನು ಪೆಟ್ಟಿಗೆಯೊಡನೆ ಇಟ್ಟರೆ, ಕೈಯಂದಾಜಿನಲ್ಲಿ ಬಿಗಿದು ಥ್ರೆಡ್ ಕೆಡಿಸುವ ಗ್ಯಾರೇಜಿನವರಿಗೂ ನೆರವಾದೀತು. ಟಾರ್ಕ್ ಪಾನಾ ಇಲ್ಲದ ಗ್ಯಾರೇಜುಗಳು ಜಿಲ್ಲಾ ಕೇಂದ್ರಗಳಲ್ಲಿಯೂ ಕಡಿಮೆಯೇನಲ್ಲ. ಅಂಥವರಿಗೆ ಪಾನಾವನ್ನು ದಿನದ ಬಾಡಿಗೆಗೆ ಒದಗಿಸುವುದು ವರ್ತಕನಿಗೆ ಹೊಸದೊಂದು ಆದಾಯವೂ ಆಗಬಹುದು. ಜಿಲ್ಲಾ ವಾಣಿಜ್ಯ ಸಂಸ್ಥೆಗಳು ಪ್ಲಗ್ ತಯಾರಕರ ಅಧಿಕೃತ ಸೂಚಿಪಟ್ಟಿಗಳನ್ನು ತರಿಸಿ, ಮೆಕ್ಯಾನಿಕ್ಕುಗಳನ್ನೂ ಅಂಗಡಿಯ ಗುಮಾಸ್ತರನ್ನೂ ಒಂದೆಡೆ ಕೂರಿಸಿ, ಸಂಕೇತ ಓದುವ ಒಂದು ದಿನದ ತರಬೇತಿಯನ್ನು ಏರ್ಪಡಿಸುವುದು ಸೂಕ್ತ. ಬಿಎಸ್-6 ಪೆಟ್ರೋಲ್ ವಾಹನಗಳ ಮೊದಲ ತಂಡ ಲಕ್ಷ ಕಿಲೋಮೀಟರಿನ ಗಡಿಯನ್ನು ಮುಟ್ಟುತ್ತಿರುವುದರಿಂದ ಆ ತರಬೇತಿಯನ್ನು ಮುಂದಿನ ಹಣಕಾಸು ವರ್ಷಕ್ಕೆ ತಳ್ಳುವುದು ಉಚಿತವಲ್ಲ.