ಮಲಬದ್ಧತೆಗೆ ಅಂಗಸಾಧನೆ

ಅಲೆವೂರಿನ ಓರ್ವ ಗೃಹಿಣಿಯು ಕೇಳಿರುವರು: ಕುಚ್ಚಲಕ್ಕಿ ಗಂಜಿ, ಬಸಳೆ, ಹರಿವೆ ಯಾವುದಕ್ಕೂ ಕೊರತೆಯಿಲ್ಲ, ಹರಳೆಣ್ಣೆಯೂ ಸೋತಿತು, ಇನ್ನೇನು ಮಾಡಲಿ?

ನಾಚಿ ಮುಚ್ಚಿಡದೆ ಕೇಳಿದುದು ನಮಗೆ ಸಂತೋಷ. ದೋಷವು ಆಹಾರದಲ್ಲಿಯೇ ಇರಬೇಕೆಂದಿಲ್ಲ. ಗುದನಾಳವನ್ನು ಹಿಂದಿನಿಂದ ಕುಣಿಕೆಯಂತೆ ಬಳಸಿದ ಸ್ನಾಯುವೊಂದುಂಟು. ವಿಸರ್ಜನೆಯ ವೇಳೆ ಸಡಿಲಬೇಕಾದ ಅದು ಕೆಲವರಲ್ಲಿ, ಹೆಚ್ಚಾಗಿ ಸ್ತ್ರೀಯರಲ್ಲಿ, ಬಿಗಿಯುವುದು. ಆಗ ತಿಣುಕುವುದೆಂದರೆ ಅಗಳಿ ಹಾಕಿದ ಬಾಗಿಲನ್ನು ತಳ್ಳಿದಂತೆ. ಮನೆಯವರ ಕಾಫಿ ತಿಂಡಿ ಮುಗಿಯುವವರೆಗೆ ವೇಗವನ್ನು ತಡೆದಿಡುವ ಅಭ್ಯಾಸವೂ ತೊಂದರೆಯನ್ನು ಬೆಳೆಸುವುದು. (ಇದನ್ನು ಗಂಡಸರೂ ಓದಲಿ!)

ಈ ಸ್ನಾಯುವಿಗೆ ಪಾಠ ಕಲಿಸಬಹುದು. ಫಿಸಿಯೋಥೆರಪಿ ಬಲ್ಲವರು ಅದರ ಬಿಗಿಸಡಿಲಗಳನ್ನು ಉಪಕರಣದ ಮೂಲಕ ರೋಗಿಗೇ ತೋರಿಸಿ, ಕೆಲವು ವಾರ ಅಭ್ಯಾಸ ಮಾಡಿಸುವರು. ಇಂಥ ದೋಷಕ್ಕೆ ಇದು ಭೇದಿಯೌಷಧಕ್ಕಿಂತ ಗುಣಕಾರಿಯೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. 1953ರಿಂದ ವೈದ್ಯಕೀಯ ಕಾಲೇಜುಳ್ಳ ಮಣಿಪಾಲವು ಅಲೆವೂರಿಗೆ ನೆರೆಯೂರಷ್ಟೆ; ಅಲ್ಲಿ ವಿಚಾರಿಸಬಹುದು.

ಅಷ್ಟರವರೆಗೆ, ಬೆಳಗಿನ ಉಪಾಹಾರವಾದ ಅರ್ಧ ಗಂಟೆಯೊಳಗೆ ಕುಳಿತುಕೊಳ್ಳಿರಿ. ಕಮೋಡಾದರೆ ಕಾಲಡಿಗೆ ಗೇಣೆತ್ತರದ ಮಣೆಯಿರಲಿ, ಮೊಣಕಾಲು ಸೊಂಟಕ್ಕಿಂತ ಮೇಲಿರಲಿ. ಮುಂದಕ್ಕೆ ಬಾಗಿ, ಹೊಟ್ಟೆಯುಬ್ಬುವಂತೆ ಉಸಿರೆಳೆದು ಮೆಲ್ಲನೆ ಬಿಡಿರಿ. ಐದು ನಿಮಿಷದಲ್ಲಿ ಆಗದಿದ್ದರೆ ಎದ್ದುಬಿಡಿರಿ.

ರಕ್ತ ಕಂಡರೆ, ಮೈ ಇಳಿದರೆ, ಅಥವಾ ಐವತ್ತರ ಬಳಿಕ ಹೊಸದಾಗಿ ತೊಡಗಿದ ತೊಂದರೆಯಾದರೆ, ಮೊದಲು ವೈದ್ಯರ ಪರೀಕ್ಷೆ, ಸಾಧನೆ ಆಮೇಲೆ.