ಗೋಡೆ ಬೇಡ, ಬೇಲಿ ಸಾಕು

ಮನೆ ಕಟ್ಟಿಸುವಾಗ ಅಡಿಗೆಕಟ್ಟೆಯ ಎತ್ತರ ಎಷ್ಟಿರಬೇಕೆಂದು ನನ್ನನ್ನು ಕೇಳಿದರು. ದೇವರ ಗೂಡು ಎಲ್ಲಿ ಎಂದೂ ಕೇಳಿದರು. ಕಾಂಪೌಂಡಿನ ಮಾತು ಮಾತ್ರ ಕೇಳಲಿಲ್ಲ. ಅದು ಗಂಡಸರ ಖಾತೆ! ಯಜಮಾನರೂ ಮೇಸ್ತ್ರಿಯೂ ನಿಂತಲ್ಲೇ ತೀರ್ಮಾನಿಸಿದರು: ಸುತ್ತ ಆರಡಿ ಗೋಡೆ. ನಾನು ಮರದ ಬೇಲಿ ಎಂದೆ. ಇಬ್ಬರೂ ನಕ್ಕರು. "ಮಲೆನಾಡಿನ ಮಳೆಗೆ ಮರ ಎಷ್ಟು ದಿನ ತಡೆದೀತು?"

ನನ್ನ ತವರು ಸಾಗರದ ಕಡೆಯ ಹಳ್ಳಿ. ಅಲ್ಲಿ ಮರದ ಬೇಲಿ ನೋಡಿಯೇ ಬೆಳೆದವಳು ನಾನು. ಮಳೆಗೆ ಮರ ಲಡ್ಡು ಹಿಡಿಯುವುದು ನಿಜ. ಆದರೆ ಎಲ್ಲಿ? ಮೊದಲು ನೆಲಕ್ಕೆ ತಾಗುವ ಗೇಣುದ್ದದಲ್ಲಿ. ತೇವ, ಗಾಳಿ ಎರಡೂ ಸಿಗುವ ಆ ಜಾಗವೇ ಬೂಷ್ಟಿಗೂ ಗೆದ್ದಲಿಗೂ ಇಷ್ಟ. ಅದಕ್ಕೆ ಉಪಾಯ ನಮ್ಮ ಉಣಗೋಲಿನಲ್ಲೇ ಇದೆ. ತೂತು ಕೊರೆದ ಕಲ್ಲುಕಂಬ ನೆಟ್ಟು, ಅಡ್ಡಕ್ಕೆ ಗಳ ತೂರಿಸಿ. ಗಳ ನೆಲ ಮುಟ್ಟುವುದಿಲ್ಲ, ನೆನೆದರೂ ಗಾಳಿಗೆ ಆರುತ್ತದೆ. ಒಂದು ಹಾಳಾದರೆ ಅದೊಂದನ್ನೇ ಬದಲಿಸಿದರಾಯಿತು.

ಇದಕ್ಕೆ ತೇಗವೇ ಬೇಕೆಂದಿಲ್ಲ. ತೇಗದಲ್ಲೂ ಬಾಳುವುದು ಒಳಗಿನ ಚೇಗು ಮಾತ್ರ, ಹೊರಗಿನ ಬಿಳಿ ಭಾಗ ಗೆದ್ದಲಿಗೆ ತುತ್ತು. ಅಂಗಡಿಯವನು ತೇಗ ಎಂದ ಕೂಡಲೇ ಪರ್ಸು ಬಿಚ್ಚಬೇಡಿ, ಮಗುಚಿ ನೋಡಿ. ಅಡಿಕೆ ಮರದ್ದು ತಿರುಗುಮುರುಗು: ಗಟ್ಟಿ ಹೊರಗೆ, ಮೆದು ಒಳಗೆ. ಮುದಿಮರದ ದಬ್ಬೆ ಸೀಳಿಸಿ, ಒಳಗಿನ ಮೆದುಭಾಗ ಕೆತ್ತಿಸಿ. ಬಿದಿರಾದರೆ ಕೆಲವು ವಾರ ನೀರಿನಲ್ಲಿ ನೆನೆಹಾಕಿ. ಅದರ ಹಿಟ್ಟಿನಂಶ ಹೋದರೆ ಕುಟ್ಟೆಹುಳದ ಕಾಟ ಕಡಿಮೆ. ಇದೆಲ್ಲ ಹೇಳಿದೆ. ಕೇಳುವವರು ಯಾರು?

ಕಳ್ಳ ಬಂದರೆ ಎಂದರು. ಆರಡಿ ಗೋಡೆ ಹಾರಿ ಒಳಗಿಳಿದ ಕಳ್ಳನನ್ನು ಬೀದಿಯವರು ಹೇಗೆ ನೋಡುತ್ತಾರೆ ಸ್ವಾಮಿ? ಬೇಲಿಯ ಸಂದಿಯಲ್ಲಾದರೆ ಹತ್ತು ಕಣ್ಣು ಇರುತ್ತವೆ. ಹೆಂಗಸರಿಗೆ ಮರೆ ಬೇಕು ಎಂದರು. ಮರೆ ಬೇಕಾದದ್ದು ಬಚ್ಚಲಿಗೆ, ಹಿತ್ತಿಲಿಗಲ್ಲ.

ಕೊನೆಗೆ ಗೋಡೆಯೇ ಎದ್ದಿತು. ಮರುವರ್ಷ ಆಷಾಢದಲ್ಲಿ, ಮನೆಯಲ್ಲಿ ಒಬ್ಬರೇ ಇದ್ದ ಪಕ್ಕದ ಮನೆಯ ಹಿರಿಯಮ್ಮ ಬಾವಿಕಟ್ಟೆಯ ಪಾಚಿಯಲ್ಲಿ ಜಾರಿಬಿದ್ದರು. ಗೋಡೆಯ ಇತ್ತ, ಮಾಡಿನಡಿ ನಾನು ಬಟ್ಟೆ ಒಗೆಯುತ್ತಿದ್ದೆ. ಮಳೆಯ ಸದ್ದಿಗೆ ಅವರ ಕೂಗು ಕೇಳಲಿಲ್ಲ. ಬೇಲಿಯಾಗಿದ್ದರೆ ಕಾಣುತ್ತಿತ್ತು. ಸಂಜೆ ಮಗ ಬರುವತನಕ ಸೊಂಟ ಮುರಿದುಕೊಂಡು ಒದ್ದೆಯಲ್ಲೇ ಬಿದ್ದಿದ್ದರು. ಆಮೇಲೆ ಅವರು ಹಾಸಿಗೆ ಬಿಟ್ಟು ಏಳಲೇ ಇಲ್ಲ. ನಮ್ಮಿಬ್ಬರ ನಡುವೆ ಇದ್ದದ್ದು ಹತ್ತು ಹೆಜ್ಜೆ!

ಆ ಬದಿಯ ಗೋಡೆಯನ್ನು ಆಮೇಲೆ ಒಡೆಸಿದೆ. ಈಗ ಅಲ್ಲಿ ಕಲ್ಲುಕಂಬ, ಐದು ಗಳ, ಹಬ್ಬಿದ ಬಸಳೆ ಬಳ್ಳಿ. ಈ ಸಲ ಯಜಮಾನರು ನಗಲಿಲ್ಲ. ಮೇಸ್ತ್ರಿ ಮಾತ್ರ, "ಅಷ್ಟು ಗಟ್ಟಿ ಗೋಡೆಯಾಗಿತ್ತಲ್ಲಮ್ಮ" ಎಂದ.

ಗಟ್ಟಿಯಾಗಿತ್ತು ನಿಜ. ಅದೇ ಅದರ ದೋಷ. ನಿಮ್ಮ ಮನೆಯ ನಕ್ಷೆ ಮೇಜಿನ ಮೇಲೆ ಹರಡಿದ ದಿನ, ಅಡಿಗೆಕಟ್ಟೆಯ ಎತ್ತರ ಹೇಳಿ ಕಾಫಿ ತರಲು ಏಳಬೇಡಿ. ಬೇಲಿಯ ಎತ್ತರವನ್ನೂ ನೀವೇ ಹೇಳಿ. ಹಗಲಿಡೀ ಅದರೊಳಗೆ ಇರುವವರು ನೀವು.