ಬಾಯಿಯಿಲ್ಲದ ಮುಖಕ್ಕೆ ಔಷಧಿ ಬೇಕೆ?

ಕಳೆದ ತಿಂಗಳು ತಾಯಿಯೊಬ್ಬರು ಐದು ವರ್ಷದ ಮಗನನ್ನೂ ಅವನ ಡ್ರಾಯಿಂಗ್ ಪುಸ್ತಕವನ್ನೂ ಹಿಡಿದು ನನ್ನ ಕ್ಲಿನಿಕ್ಕಿಗೆ ಬಂದರು. ಹಾಳೆಯ ತುಂಬ ಒಂದು ಸೊಟ್ಟ ಮುಖ. ಒಂದು ಕಣ್ಣು ಹಣೆಯಲ್ಲಿ, ಇನ್ನೊಂದು ಕೆನ್ನೆಯಲ್ಲಿ, ಬಾಯಿಯೇ ಇಲ್ಲ. 'ಮಗು ಮನಸ್ಸಿನಲ್ಲಿ ಏನೋ ನುಂಗಿಕೊಂಡಿದೆ' ಎಂದು ಬಂಧುವೊಬ್ಬರು ಹೆದರಿಸಿದ್ದರಂತೆ. ತಾಯಿಗೆ ಎರಡು ದಿನದಿಂದ ನಿದ್ದೆಯಿಲ್ಲ. ನಾನು ಹುಡುಗನನ್ನೇ ಕೇಳಿದೆ. 'ಅದು ಅಪ್ಪ, ಹೆಲ್ಮೆಟ್ ಹಾಕ್ಕೊಂಡಿದಾರೆ' ಎಂದ!

ಇದು ನಾವೆಲ್ಲರೂ ಮಾಡುವ ತಪ್ಪು. ಮುಖಗಳನ್ನು ಗುರುತಿಸಲೆಂದೇ ನಮ್ಮ ಮೆದುಳಿನಲ್ಲಿ ವಿಶೇಷ ಭಾಗವಿದೆ. ಅದೆಷ್ಟು ಚುರುಕೆಂದರೆ, ಎರಡು ಚುಕ್ಕೆ, ಒಂದು ಗೆರೆ ಸಿಕ್ಕರೆ ಸಾಕು, ನಮಗೆ ಮುಖ ಕಾಣುತ್ತದೆ. ಅದರಲ್ಲಿ ದುಃಖವೋ ಸಿಟ್ಟೋ ಕಾಣುತ್ತದೆ. ಮೋಡದಲ್ಲಿ, ಗೋಡೆಯ ಕಲೆಯಲ್ಲಿ ಮುಖ ಕಾಣುವುದೂ ಹೀಗೆಯೇ. ಆ ದುಃಖ ಬರೆದವರದೋ ನೋಡಿದವರದೋ ಎಂಬುದನ್ನು ಚಿತ್ರ ಹೇಳುವುದಿಲ್ಲ.

ಮೂರು-ನಾಲ್ಕು ವರ್ಷದ ಮಕ್ಕಳು ಒಂದು ಸುತ್ತು ಬರೆದು ಅದಕ್ಕೇ ಕಾಲು ಅಂಟಿಸುತ್ತಾರೆ. ಅದು ಬೆಳವಣಿಗೆಯ ಸಹಜ ಹಂತ. ಮಕ್ಕಳು ಬರೆದ ಮನುಷ್ಯನ ಚಿತ್ರದಿಂದ ಬುದ್ಧಿಯ ಬೆಳವಣಿಗೆ ಅಳೆಯುವ ಪರೀಕ್ಷೆಯನ್ನು ಅಮೆರಿಕದ ಫ್ಲಾರೆನ್ಸ್ ಗುಡ್‌ಎನಫ್ 1926ರಲ್ಲಿ ರೂಪಿಸಿದರು. ಅದರಲ್ಲೂ ಲೆಕ್ಕಕ್ಕೆ ಬರುವುದು ಕಣ್ಣು, ಮೂಗು, ಬೆರಳುಗಳಂಥ ವಿವರಗಳೇ. ಆ ಪರೀಕ್ಷೆಯೊಂದನ್ನೇ ನಂಬಿ ತೀರ್ಪು ಕೊಡುವುದೂ ಸರಿಯಲ್ಲ.

ಹಾಗಾದರೆ ಚಿತ್ರ ಏನನ್ನೂ ಹೇಳುವುದಿಲ್ಲವೇ? ಹಿಂದಿನದರ ಜೊತೆ ಹೋಲಿಸಿದಾಗ ಹೇಳುತ್ತದೆ. ಲಂಡನ್ನಿನಲ್ಲಿ ನೆಲೆಸಿದ್ದ ಕಲಾವಿದ ವಿಲಿಯಂ ಉಟರ್ಮೋಲೆನ್ ಅವರಿಗೆ 1995ರಲ್ಲಿ ಅಲ್ಜೈಮರ್ ಕಾಯಿಲೆ ಪತ್ತೆಯಾಯಿತು. ಆಮೇಲೂ ಕೆಲವು ವರ್ಷ ಅವರು ತಮ್ಮ ಮುಖವನ್ನೇ ಬರೆಯುತ್ತ ಹೋದರು. ಬರಬರುತ್ತ ಕಣ್ಣು, ಮೂಗು ಜಾಗ ತಪ್ಪಿದವು. 2000ದ ಹೊತ್ತಿಗೆ ಮುಖದ ಗುರುತೇ ಸಿಗದಂತಾಯಿತು. ಕೊನೆಯ ಚಿತ್ರವೊಂದನ್ನೇ ನೋಡಿದವರು ಅದನ್ನು ನವ್ಯಕಲೆ ಎಂದುಕೊಂಡಾರು. ಸಾಲಾಗಿ ಇಟ್ಟು ನೋಡಿದಾಗಲೇ ಕಾಯಿಲೆಯ ಹಾದಿ ಕಾಣುವುದು.

ಆದ್ದರಿಂದ ನನ್ನ ಸಲಹೆ ಇಷ್ಟೇ. ಮಗು ಬರೆದ ಮುಖಕ್ಕೆ ನೀವೇ ಅರ್ಥ ಹಚ್ಚಬೇಡಿ. 'ಇದು ಯಾರು? ಏನು ಮಾಡ್ತಿದಾರೆ?' ಎಂದು ಕೇಳಿ. ಊಟ, ನಿದ್ದೆ, ಆಟ, ಮಾತು ಎಂದಿನಂತಿದ್ದರೆ ಚಿಂತೆ ಬಿಡಿ. ಅವು ಕೆಟ್ಟಿದ್ದರೆ, ಚಿತ್ರ ಎಷ್ಟೇ ಚೆಂದವಿರಲಿ, ಮಗುವನ್ನು ವೈದ್ಯರಿಗೆ ತೋರಿಸಿ. ಹಾಗೆಯೇ ಮನೆಯ ಹಿರಿಯರ ಸಹಿಯೋ ರಂಗೋಲಿಯೋ ಮೊದಲಿನಂತಿಲ್ಲ ಎನಿಸಿದರೆ 'ವಯಸ್ಸಾಯಿತು' ಎಂದು ಸುಮ್ಮನಾಗಬೇಡಿ.

ಆ ಹುಡುಗನಿಗೆ ನಾನು ಔಷಧಿ ಬರೆಯಲಿಲ್ಲ. ಚಿತ್ರವನ್ನು ಅಪ್ಪನಿಗೆ ತೋರಿಸಲು ಹೇಳಿ ಕಳಿಸಿದೆ.